ಗಿರಣಿಗೆ ಜಾಗ

ಮಾರಿದವರು ಕೊಟ್ಟ ಮೂರು ಕೀಲಿಕೈಯೂ ಸುಳ್ಳು.
ಲಾಡ್ಲೇಸಾಬ ಕಲ್ಲೆತ್ತಿ ಒಂದೇ ಏಟು ಹಾಕಿದ;
ಕೀಲಿ ಹಾಗೇ ಉಳಿಯಿತು, ಕೊಂಡಿ ಕಿತ್ತು ಬಂತು.
ಹೀಗೆ ಹೊಕ್ಕೆವು ನಮ್ಮದೇ ಮನೆಗೆ,
ಕಳ್ಳರ ಹಾಗೆ, ಏಳೂಕಾಲಕ್ಕೆ:
ನಾನು, ನನ್ನ ತಂಗಿ ಅಂಬುಬಾಯಿ,
ಕೂಲಿಯ ಗುರುಬಾಯಿ, ಒಂದು ಹಾರೆ, ಎರಡು ಸಲಿಕೆ.

ಮೈಂದರ್ಗಿಯ ಈ ಓಣಿಯಲ್ಲಿ
ಮಾಳಿಗೆಯೆಂದರೆ ಮೊಳ ದಪ್ಪ ಮಣ್ಣು.
ಜಂತಿಯ ಸಂದಿನಲ್ಲಿ ಹಾರೆ ಆಡಿಸಿದ್ದೇ ತಡ
ಅರವತ್ತು ವರ್ಷ ಮನೆ ಹೊತ್ತು ನಿಂತ ಹೊಲ
ನಮ್ಮ ತಲೆಗಿಳಿಯಿತು.
ಕೆಮ್ಮು. ಕತ್ತಲೆ. ಆಮೇಲೊಂದು ಬಿಸಿಲಕೋಲು
ನಡುಮನೆಯಲ್ಲಿ ಬಂದು ನಿಂತಿತು,
ಕರೆಯದೆ ಬಂದ ಬೀಗರ ಹಾಗೆ.
"ಜೀವ ಅದಾವೇನವ್ವಾ?" ಮೇಲಿನಿಂದ ಲಾಡ್ಲೇಸಾಬ.
"ಎಣಸ್ಲಿಕ್ಹತ್ತೀವಿ" ಅಂದಳು ಅಂಬು.

ಮಾಡದಲ್ಲಿ ಚೇಳು.
ಗುರುಬಾಯಿ ಚಪ್ಪಲಿ ತೆಗೆದಳು,
ಯಾಕೋ ಮತ್ತೆ ಹಾಕಿಕೊಂಡಳು,
ಹಂಚಿನ ಚೂರಿನ ಮೇಲೆ ಹತ್ತಿಸಿ ಹಿತ್ತಲಿಗೆ ಬಿಟ್ಟು ಬಂದಳು.

ಹತ್ತಕ್ಕೆ ಯಂಕಪ್ಪನ ನಾಲ್ಕು ಕತ್ತೆ, ಮಣ್ಣು ಹೊರಲು.
ಹತ್ತೂ ಐದಕ್ಕೆ ನೀರಿನ ಟ್ಯಾಂಕರ್.
ಓಣಿಗೆ ಇರುವುದು ಒಬ್ಬರ ಅಗಲ.
ಡ್ರೈವರ್ ಮರಾಠಿಯಲ್ಲಿ ಬೈದ, ಯಂಕಪ್ಪ ಕನ್ನಡದಲ್ಲಿ,
ಲಾಡ್ಲೇಸಾಬ ಇಬ್ಬರನ್ನೂ ತನ್ನ ಮನೆಮಾತಿನಲ್ಲಿ.
ಕತ್ತೆಗಳಿಗೆ ಮೂರೂ ತಿಳಿಯುತ್ತಿತ್ತು,
ಅದಕ್ಕೇ ಅಲ್ಲಾಡಲಿಲ್ಲ.

ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ.
ಹಲ್ಲಡಿ ಕರಕರ ಅಂದದ್ದು ರೊಟ್ಟಿಯೋ ಮಾಳಿಗೆಯೋ
ಯಾರೂ ವಿಚಾರಿಸಲಿಲ್ಲ.

ಮೂರರ ಸುಮಾರಿಗೆ ನೆಲ.
ಹಿಟ್ಟಿನ ಗಿರಣಿಯ ಮೋಟಾರಿಗೆ ಗಟ್ಟಿ ಕಟ್ಟೆ ಬೇಕು,
ಇಲ್ಲಿ, ಕಿಡಕಿಯ ಕೆಳಗೆ, ಎಂದು
ಸುಣ್ಣದಲ್ಲಿ ಚೌಕ ಎಳೆದಿದ್ದೆ.
ಲಾಡ್ಲೇಸಾಬ ಚೌಕದೊಳಗೆ ಕಾಲಿಟ್ಟ.
ಕಾಲು ಹೋಯಿತು. ಮಂಡಿ ಹೋಯಿತು.
ತೊಡೆಯ ತನಕ ನುಂಗಿ ನೆಲ ಸುಮ್ಮನಾಯಿತು.
ಎಳೆದೆವು: ಮೂವರು ಹೆಂಗಸರು, ಯಂಕಪ್ಪ, ಯಂಕಪ್ಪನ ಹಗ್ಗ.
ಅವನು ಬಂದ, ಕಿಸೆಯ ಮೊಬೈಲು ಬರಲಿಲ್ಲ.
ಅದು ಮಣ್ಣಿನಡಿಯಿಂದ ಬಾರಿಸತೊಡಗಿತು,
ನಿಂತು, ಮತ್ತೆ, ನಿಂತು, ಮತ್ತೆ.
"ನಮ್ಮಾಕಿ" ಅಂದ. "ಎತ್ತಲಿಲ್ಲಂದ್ರ ರಾತ್ರಿ ಊಟಿಲ್ಲ."

ಫೋನಿಗಾಗಿ ತೋಡಿದೆವು.
ಬೂದಿ, ಒಡೆದ ಗಡಿಗೆ, ಕೂದಲಂತೆ ಗಂಟಾದ ನೂಲು,
ತುದಿ ಮುರಿದ ಒಂದು ಲಾಳಿ,
ಕೊನೆಗೆ ಫೋನು, ಏಳು ಮಿಸ್ಡ್ ಕಾಲ್.
ಅಷ್ಟೊತ್ತಿಗೆ ಕುಣಿ ಪೂರಾ ಕಣ್ಣು ಬಿಟ್ಟಿತ್ತು:
ಅಂಚಿಗೆ ಹಾಸುಗಲ್ಲು,
ಒಳಗೋಡೆಯಲ್ಲಿ ಹಿಮ್ಮಡಿ ಉಜ್ಜಿ ಉಜ್ಜಿ
ಎರಡು ನುಣುಪು ತಗ್ಗು.

ಮಗ್ಗದ ಕುಣಿ. ನನಗೆ ಏನೋ ಒತ್ತರಿಸಿ ಬಂತು.
ಇದು ಇರಲಿ, ಮೋಟಾರು ಆಚೆ ಇಡೋಣ,
ಮೇಲೊಂದು ಗಾಜು ಹಾಕಿಸೋಣ, ಅಂದೆ.
"ಗಾಜಂತ, ಗಾಜು" ಅಂಬು ಸಲಿಕೆ ಒಗೆದಳು.

ಎದುರುಮನೆಯ ನಾಗಿಂದ್ರವ್ವ ಬಂದು
ಬಗ್ಗಿ ನೋಡಿದಳು, ಬಹಳ ಹೊತ್ತಲ್ಲ.
"ಪಾಲಾಗೂದಕಿಂತ ಮೊದಲ ನಾವೂ ಇದ ಮನ್ಯಾಗ.
ಮಾವಗ ಟೀಬಿ ಆದಾಗ ಹತ್ತೊಂಬತ್ತು ತಿಂಗಳ
ನಾನು ಕುಂತು ನೇಯ್ದೀನಿ ಇದರಾಗ.
ಇದರ ತಂಪು ಎಲುವಿನಾಗ ಹೊಕ್ಕದ್ದು
ಇನ್ನೂ ಹೊಂಟಿಲ್ಲವ್ವಾ.
ಬೂದಿ ಸುರದು ನಾನ ಮುಚ್ಚಿದ್ದೆ.
ನೀ ಸಿಮೆಂಟ ಹಾಕಿ ಮುಚ್ಚು."
ಹೋಗುವಾಗ ಲಾಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.
ಒಲೆಗೆ, ಅಂದಳು, ಕೇಳದೆಯೇ.

ಪಗಾರ ಎಣಿಸಿಕೊಟ್ಟು, ಎಲ್ಲರೂ ಹೋದ ಮೇಲೆ
ಕೂರಲು ಮಣ್ಣಿಲ್ಲದ ಗೇಣು ಜಾಗವಿಲ್ಲ.
ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟೆ.
ಹಿಮ್ಮಡಿಗಳು ತಾವೇ ಹುಡುಕಿಕೊಂಡವು ಆ ಎರಡು ತಗ್ಗು.
ನಿಜ, ತಂಪು.
ದಿನವಿಡೀ ಉರಿದ ಅಂಗಾಲಿಗೆ ಎಷ್ಟು ಹಿತವಾಗಿತ್ತೆಂದರೆ
ಇದನ್ನು ನಾಗಿಂದ್ರವ್ವನಿಗೆ ಹೇಳಲಾರೆ.

ಜಂತಿಗಳ ನಡುವಿನ ತೂತಿನಲ್ಲಿ ಮೂರು ಚಿಕ್ಕೆ.
ಅಂಬು ಮೊಬೈಲ್ ಬೆಳಕಿನಲ್ಲಿ ಲೆಕ್ಕ ಬರೆಯುತ್ತಿದ್ದಳು:
ಕತ್ತೆ ನಾಲ್ಕು, ಟ್ಯಾಂಕರ್ ಒಂದು, ಹೊಸ ಕೀಲಿ.
"ಈ ಕುಣಿಗೆ ಎಷ್ಟು ಚೀಲ ಹಿಡದೀತ?"
"ಆರು" ಅಂದೆ.
ಕಾಲು ಎತ್ತಲಿಲ್ಲ.
"ಏಳು ಬರಿ."